ಜಲಜಳ ಹಣೆಯ ಗೆರೆ

ಬೈಂದೂರಿನ ಮೀನು ಮಾರ್ಕೆಟ್ಟಿಗೆ ಹೊಸದಾಗಿ ಬಂದವರು ಜಲಜಳ ಹತ್ತಿರ ಚೌಕಾಸಿ ಮಾಡುತ್ತಿರಲಿಲ್ಲ. ಬುಟ್ಟಿಯ ಹಿಂದೆ ಕೂತವಳು ತಲೆಯೆತ್ತಿ ಒಮ್ಮೆ ನೋಡಿದರೆ ಸಾಕು, ಕೇಳಬೇಕೆಂದಿದ್ದ ಮಾತನ್ನು ನುಂಗಿಕೊಂಡು, ಹೇಳಿದ ರೇಟಿಗೇ ಕಟ್ಟಿಸಿಕೊಂಡು ಹೋಗುತ್ತಿದ್ದರು. ಹಳೆಯ ಗಿರಾಕಿಗಳಿಗೆ ಮಾತ್ರ ಅದು ನಗೆಯ ವಿಷಯ. ಜಲಜಳಿಗೆ ಸಿಟ್ಟು ಬರುವುದೇ ಅಪರೂಪ ಎಂದು ಅವರಿಗೆ ಗೊತ್ತು. ಅವಳ ಎರಡು ಹುಬ್ಬುಗಳ ನಡುವೆ ಮೂಗಿನ ಬುಡದಿಂದ ಮೇಲಕ್ಕೆದ್ದ ಎರಡು ಗೆರೆಗಳಿದ್ದವು. ನಕ್ಕರೂ ಅವು ಹೋಗುತ್ತಿರಲಿಲ್ಲ. ನಿದ್ದೆಯಲ್ಲೂ ಹೋಗುವುದಿಲ್ಲ ಎಂದು ಅವಳ ಗಂಡ ನಾಗ ಹೇಳುತ್ತಿದ್ದ.

ಮನೆ ನಾವುಂದದ ಕಡಲ ದಂಡೆಯಲ್ಲಿ. ಮದುವೆಯಾಗಿ ಬಂದಂದಿನಿಂದ ನೀರಿನ ಮೇಲಿನ ಬೆಳಕಿಗೆ ಕಣ್ಣು ಕಿರಿದು ಮಾಡಿ ದೋಣಿಯ ದಾರಿ ಕಾಯ್ದು, ನೆತ್ತಿ ಸುಡುವ ಬಿಸಿಲಿನಲ್ಲಿ ಒಣಮೀನು ತಿರುವಿ ಹಾಕಿ ಆ ಗೆರೆ ಬಂತು ಎಂದು ಅವಳು ಕೇಳಿದವರಿಗೆ ಹೇಳುತ್ತಿದ್ದಳು. ಅದರಲ್ಲಿ ಅರ್ಧ ಮಾತ್ರ ನಿಜ. ಅವಳ ತಾಯಿಗೂ ಅದೇ ಗೆರೆ ಇತ್ತು. ಅವಳು ಹೆತ್ತ ಹೆಣ್ಣುಮಗು ಕಣ್ಣು ಬಿಡುವುದಕ್ಕೂ ಮೊದಲು ಹುಬ್ಬು ಗಂಟಿಕ್ಕಿಕೊಂಡಿತ್ತು, ಬಾಣಂತಿ ಕೋಣೆಯಲ್ಲಿದ್ದವರೆಲ್ಲ ಅದನ್ನು ಕಂಡು ನಕ್ಕಿದ್ದರು.

ಆ ಮಗುವನ್ನು ಜಲಜ ತನ್ನ ಅಕ್ಕನಿಗೆ ಕೊಟ್ಟಿದ್ದಳು.

ಅಕ್ಕ ಗೋಪಿಯನ್ನು ಶಿರೂರಿನ ಪಾಂಡುವಿಗೆ ಮದುವೆ ಮಾಡಿ ಕೊಟ್ಟಿತ್ತು. ಪಾಂಡು ಮುಂಬಯಿಯ ಮಾಲಾಡಿನಲ್ಲಿ ಒಂದು ಕ್ಯಾಂಟೀನು ನಡೆಸುತ್ತಿದ್ದ. ಗೋಪಿಗೆ ಬಸಿರು ನಿಲ್ಲುತ್ತಿರಲಿಲ್ಲ. ಒಂದಾದ ಮೇಲೆ ಒಂದು ಕಳೆದುಕೊಂಡು, ಕೊನೆಗೆ ಡಾಕ್ಟರೇ ಇನ್ನು ಬೇಡ ಎಂದಿದ್ದರು. ಜಲಜಳಿಗೆ ಆಗಲೇ ವಿಶಾಲ್ ಎಂಬ ಗಂಡುಮಗುವಿತ್ತು. ಎರಡನೆಯ ಹೆರಿಗೆಗೆ ಬಾಣಂತನ ಮಾಡಲು ಗೋಪಿಯೇ ಮುಂಬಯಿಯಿಂದ ಬಂದಿದ್ದಳು. ಮಗುವನ್ನು ಕಾಲ ಮೇಲೆ ಮಲಗಿಸಿ ನೀರು ಹೊಯ್ದಾದ ಮೇಲೂ ಅಕ್ಕ ಅದನ್ನು ಎತ್ತಿಕೊಡದೆ ಕೂರುವುದನ್ನು ಜಲಜ ದಿನವೂ ನೋಡಿದಳು. ಯಾರೂ ಅವಳನ್ನು ಒತ್ತಾಯಿಸಲಿಲ್ಲ. "ಇದನ್ನ್ ನೀನೇ ಕರ್ಕಂಡ್ ಹೋಗ್ ಅಕ್ಕ" ಎಂದದ್ದು ಅವಳೇ. ಆಗ ಅವಳಿಗೆ ಇಪ್ಪತ್ತೆರಡು. ಇನ್ನೊಂದು ಹೆಣ್ಣು ಹುಟ್ಟುತ್ತದೆ ಎಂದು ಅಂದುಕೊಂಡಿದ್ದಳು. ಹುಟ್ಟಲಿಲ್ಲ.

ಮಗುವಿಗೆ ಸೌಜನ್ಯ ಎಂದು ಹೆಸರಿಟ್ಟರು. ಪ್ರತಿ ಮೇ ತಿಂಗಳಲ್ಲಿ ಅವರು ಊರಿಗೆ ಬರುತ್ತಿದ್ದರು. ಬರುವ ಸುದ್ದಿ ಸಿಕ್ಕಿದ ದಿನದಿಂದ ಜಲಜ ಬಚ್ಚಲಿನ ಚೂರು ಕನ್ನಡಿಯ ಮುಂದೆ ನಿಂತು, ಎರಡು ಹೆಬ್ಬೆರಳಿನಿಂದ ಹಣೆಯನ್ನು ಅತ್ತಿತ್ತ ಎಳೆದು ಗೆರೆ ಬಿಡಿಸಲು ನೋಡುತ್ತಿದ್ದಳು. ತೆಂಗಿನೆಣ್ಣೆ ತಿಕ್ಕುತ್ತಿದ್ದಳು. ಕೈ ಬಿಟ್ಟರೆ ಮತ್ತೆ ಅದೇ. ಸೌಜನ್ಯ ಅಂಗಳಕ್ಕೆ ಬಂದು, ಅವಳ ಮುಖ ಕಂಡು, ಗೋಪಿಯ ಸೀರೆಯ ಹಿಂದೆ ಅಡಗುತ್ತಿತ್ತು.

"ಚಿಕ್ಕಿಗ್ ಸಿಟ್ಟ್ ಬಂದಿತ್ತ್. ನಾ ಅವ್ರ ಹತ್ರ ಹೋತಿಲ್ಲೆ."

"ನಂಗ್ ಸಿಟ್ಟಿಲ್ಲೆ ಮಗಾ, ನನ್ ಮುಖವೇ ಹೀಂಗೆ" ಎಂದು ಜಲಜ ಕೈ ಚಾಚುತ್ತಿದ್ದಳು. ಮಗು ಬರುತ್ತಿರಲಿಲ್ಲ. ಎರಡು ವಾರ ಕಳೆದು ಹೆದರಿಕೆ ಬಿಟ್ಟು ಹತ್ತಿರ ಬರುವ ಹೊತ್ತಿಗೆ ಮುಂಬಯಿಗೆ ಹೊರಡುವ ದಿನ ಬಂದಿರುತ್ತಿತ್ತು.

ನಾವುಂದದಲ್ಲಾಗಲಿ ಶಿರೂರಿನಲ್ಲಾಗಲಿ ಇದು ಗುಟ್ಟಲ್ಲ. ಸೌಜನ್ಯ ಕಾಲೇಜಿಗೆ ಸೇರಿದ ವರ್ಷ ಗೋಪಿಯೇ ಅವಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು. ಹೇಳಿದ್ದೇನೆ ಎಂದು ತಂಗಿಗೂ ತಿಳಿಸಿದಳು. ಅಂದಿನಿಂದ ಜಲಜ ಫೋನನ್ನು ಸೆರಗಿನಲ್ಲೇ ಕಟ್ಟಿಕೊಂಡು ತಿರುಗಿದಳು. ಕಡೆಗೊಂದು ದಿನ ಫೋನು ಬಂತು. "ಚಿಕ್ಕಿ, ಹ್ಯಾಂಗಿದ್ರಿ? ಅಮ್ಮ ಊರಿನ್ ಕೊಚ್ಚಕ್ಕಿ ಕಳ್ಸುಕೆ ಹೇಳ್ರ್" ಎಂದಳು ಸೌಜನ್ಯ. ಅಷ್ಟೇ. ಜಲಜ ಅಕ್ಕಿ ಕಳಿಸಿದಳು. ಮಗಳಾದವಳು ಹಾಗೆಯೇ ಚಿಕ್ಕಿ ಎನ್ನುತ್ತ ಉಳಿದಳು, ತಾಯಿಯಾದವಳು ಹಾಗೆಯೇ ಒಂದು ಹೆಜ್ಜೆ ಹಿಂದೆ ಉಳಿದಳು.

ಕಳೆದ ಚಳಿಗಾಲದಲ್ಲಿ ಸೌಜನ್ಯಳಿಗೆ ಮದುವೆ ಗೊತ್ತಾಯಿತು. ಹುಡುಗ ಸುಶಾಂತ್, ಮುಂಬಯಿಯಲ್ಲೇ ಬ್ಯಾಂಕಿನಲ್ಲಿದ್ದವನು, ಮೂಲ ಸಾಲಿಗ್ರಾಮದ ಹತ್ತಿರದವನು. ಊರಿನಲ್ಲೇ ನಿಶ್ಚಯವಾಯಿತು. ಮದುವೆ ಮೇ ತಿಂಗಳಲ್ಲಿ ಕುಂದಾಪುರದ ಕಲ್ಯಾಣಮಂಟಪದಲ್ಲಿ ಎಂದಾಯಿತು. ಗೋಪಿ ತಯಾರಿಗೆಂದು ಮಾರ್ಚಿನಲ್ಲೇ ಶಿರೂರಿನ ಮನೆಗೆ ಬಂದು ಬೀಡುಬಿಟ್ಟಳು. ಒಂದು ದಿನ ನಾವುಂದಕ್ಕೆ ಬಂದವಳು, ತಂಗಿ ಹಿತ್ತಿಲಿನಲ್ಲಿ ಮೀನು ಕೊಯ್ಯುತ್ತಿದ್ದ ಜಾಗಕ್ಕೇ ಬಂದು ಮಣೆ ಎಳೆದುಕೊಂಡು ಕೂತಳು.

"ಒಂದ್ ಮಾತ್ ಹೇಳ್ತೆ ಜಲಜ. ಬೇಜಾರ್ ಮಾಡ್ಕಂಬುಕಾಗ."

"ಹೇಳ್."

"ಧಾರಿ ಎರೆವ ಹೊತ್ತಿಗ್ ನೀ ಎಲ್ಲಿ ನಿಂತ್ಕಂತೆ?"

ಜಲಜಳ ಕತ್ತಿ ನಿಂತಿತು. "ಹತ್ರ ನಿಂತ್ಕಣ್ಕ್ ಅಂದೇಳಿ ಆಸಿ ಇತ್ತ್."

ಗೋಪಿ ಕೆಳಗೆ ನೋಡುತ್ತ ಹೇಳಿದಳು: "ನಿಶ್ಚಯದ್ ದಿನ ಗಂಡಿನ್ ಕಡಿ ಹೆಂಗಸ್ರ್ ಒಂದ್ಸಲ ನಿನ್ ಹಣಿ ಕಾಂತ್ರ್, ಒಂದ್ಸಲ ಸೌಜನ್ಯನ ಹಣಿ ಕಾಂತ್ರ್. ಅವ್ರಿಗ್ ಗೊತ್ತಿತ್ತ್, ನಾವ್ ಅಡಗ್ಸಲಿಲ್ಲೆ. ಆರೆ ಮಂಟಪದೊಳ್ಗೆ ಎಲ್ಲರ್ ಎದ್ರಿಗೆ, ಆ ಒಂದ್ ದಿನ..."

ಜಲಜಳೇ ಮುಗಿಸಿದಳು. "ಆ ಒಂದ್ ದಿನ ನೀನೊಬ್ಳೇ ಅಮ್ಮ ಆಯ್ಕ್."

"ದೂರ ನಿಂತ್ಕೋ ಅಂದೇಳಿ ಹೇಳುಕೆ ಬಂದದ್ದಲ್ಲ ನಾ" ಎಂದು ಗೋಪಿ ಅವಳ ತೋಳು ಹಿಡಿದಳು. ಆಮೇಲೆ ತಡವರಿಸುತ್ತ ತನ್ನ ಬಿಲ್ಡಿಂಗಿನ ಹೆಂಗಸರ ಕತೆ ಹೇಳಿದಳು. ಹಣೆಗೆ ಸಣ್ಣ ಸೂಜಿ ಚುಚ್ಚಿಸಿಕೊಂಡರೆ ಗೆರೆ ಹೋಗುತ್ತದೆ, ಈಗ ಈ ಕಡೆಯೂ ಬಂದಿದೆ, ಬ್ರಹ್ಮಾವರದಲ್ಲಿ ಒಂದು ಪಾರ್ಲರಿನಲ್ಲಿ ಮಾಡುತ್ತಾರಂತೆ.

ಜಲಜಳಿಗೆ ನೋವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ನೋವಿಗಿಂತ ಮೊದಲು ಅವಳ ತಲೆಗೆ ಬಂದದ್ದು ಬೇರೆ: ಈ ಗೆರೆ ಹೋದರೆ ತಾನು ಮಗಳ ಪಕ್ಕದಲ್ಲಿ ನಿಲ್ಲಬಹುದು. ಮುಟ್ಟುವಷ್ಟು ಹತ್ತಿರ.

ಅಕ್ಕತಂಗಿಯರು ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಹೋದರು. ಪಾರ್ಲರಿನ ಹಿಂದಿನ ಕೋಣೆಯಲ್ಲಿ ಬೇರೆ ಊರಿನಿಂದ ತಿಂಗಳಿಗೊಮ್ಮೆ ಬರುವ ಒಬ್ಬ ಮನುಷ್ಯ ಕೂತಿದ್ದ. ಪಕ್ಕದಲ್ಲಿ ಒಂದು ಚೀಲ, ಮೇಜಿನ ಮೇಲೆ ಮೊದಲೇ ಔಷಧಿ ತುಂಬಿಟ್ಟ ಸಿರಿಂಜುಗಳು. "ಕೂತ್ಕೊಳ್ಳಿ, ಐದೇ ನಿಮಿಷ" ಎಂದ.

"ನೀವ್ ಡಾಕ್ಟ್ರಾ?" ಎಂದಳು ಜಲಜ.

"ಟ್ರೈನಿಂಗ್ ಆಗಿದೆ."

ಅವನು ಅವಳ ಹೆಸರು ಕೇಳಲಿಲ್ಲ. ಸಕ್ಕರೆ ಕಾಯಿಲೆ ಇದೆಯೇ, ಏನಾದರೂ ಮಾತ್ರೆ ನುಂಗುತ್ತೀಯಾ ಎಂದು ಕೇಳಲಿಲ್ಲ. ಹತ್ತಿಯಿಂದ ಹಣೆ ಒರೆಸಲು ಕೈ ಮುಂದೆ ಮಾಡಿದಾಗ ಜಲಜ ಎದ್ದು ನಿಂತಳು. "ಇನ್ನೊಂದ್ ದಿನ ಬತ್ತೆ" ಎಂದು ಹೇಳಿ ಹೊರಗೆ ಬಂದಳು. ಗೋಪಿ ಹಿಂದೆಯೇ ಬಂದಳು. ಬಸ್ಸು ನಾವುಂದ ತಲುಪುವಾಗ ಗೋಪಿ, "ಬ್ಯಾಡ ಬಿಡ್. ನಾ ಹೇಳ್ದದ್ದೇ ತಪ್ಪಾಯ್ತ್" ಎಂದಳು.

ಸಂಜೆ ನಾಗ ಜಗಲಿಯಲ್ಲಿ ಬಲೆ ಹೊಲಿಯುತ್ತಿದ್ದ. ಕಡಲಿಗೆ ಹೋಗುವ ಗಂಡಸು, ಮಾತು ಕಡಿಮೆ. ಜಲಜ ಎಲ್ಲವನ್ನೂ ಹೇಳಿದಳು. ಅವನು ನೂಲನ್ನು ಹಲ್ಲಿನಿಂದ ಕಡಿದು ಹೇಳಿದ:

"ನಂಗ್ ನಿನ್ ಮುಖ ಹೀಂಗೇ ಅಡ್ಡಿಲ್ಲೆ. ಸೂಜಿ ಹಾಕ್ಸುದೇ ಆರೆ ಡಾಕ್ಟ್ರ್ ಕೈಲಿ ಹಾಕ್ಸ್. ಪಾರ್ಲರೊಳ್ಗೆಲ್ಲ ಬ್ಯಾಡ."

ಕುಂದಾಪುರದಲ್ಲಿ ಚೇತನಾ ಎಂಬ ಚರ್ಮದ ಡಾಕ್ಟರ ಕ್ಲಿನಿಕ್ಕು ಇತ್ತು. ಹಿಂದೊಮ್ಮೆ ಕೈಯ ತುರಿಕೆಗೆ ಜಲಜ ಅಲ್ಲಿಗೆ ಹೋಗಿದ್ದಳು. ಈ ಸಲ ಒಬ್ಬಳೇ ಹೋದಳು. ಬೆಂಚಿನ ಮೇಲೆ ಮೊಡವೆಯ ಹುಡುಗಿಯರ ನಡುವೆ ಕೂತು ಸೆರಗಿನಿಂದ ಹಣೆ ಮುಚ್ಚಿಕೊಂಡಳು. ಒಳಗೆ ಕರೆದಾಗ ಡಾಕ್ಟರು ಮೊದಲು ಅವಳ ಮಾತನ್ನು ಪೂರ್ತಿ ಕೇಳಿದರು. ಆಮೇಲೆ ಬಿಪಿ ನೋಡಿದರು. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತೀರಾ, ಕೈಕಾಲು ಸೋಲುವ, ರೆಪ್ಪೆ ಜೋತುಬೀಳುವ ಕಾಯಿಲೆ ನಿಮಗಾಗಲಿ ಮನೆಯವರಿಗಾಗಲಿ ಇದೆಯೇ, ನುಂಗಲು ತೊಂದರೆ ಉಂಟೇ, ಇತ್ತೀಚೆಗೆ ಇಂಜೆಕ್ಷನ್ ತೆಗೆದುಕೊಂಡಿದ್ದೀರಾ ಎಂದೆಲ್ಲ ಕೇಳಿದರು. ಹುಬ್ಬು ಗಂಟಿಕ್ಕಿಸಿ, ಬಿಡಿಸಿ, ಬೆರಳಿನಿಂದ ಒತ್ತಿ ನೋಡಿದರು.

"ಇದು ವಿಷ ಅಂಬ್ರಲೆ ಡಾಕ್ಟ್ರೆ?" ಎಂದಳು ಜಲಜ.

"ಹೌದು, ವಿಷವೇ. ಬಹಳ ಸ್ವಲ್ಪ ತೆಗೆದುಕೊಂಡು ಔಷಧಿ ಮಾಡಿದ್ದು. ಗಂಟಿಕ್ಕುವ ಸ್ನಾಯು ಮೂರು ನಾಲ್ಕು ತಿಂಗಳು ಸುಮ್ಮನಿರುತ್ತದೆ, ಆಮೇಲೆ ಮತ್ತೆ ಎಚ್ಚರಾಗುತ್ತದೆ. ನಿಮ್ಮ ಗೆರೆ ಆಳ ಉಂಟು, ಪೂರ್ತಿ ಅಳಿಸಿ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಒಬ್ಬೊಬ್ಬರಿಗೆ ತಲೆನೋವು ಬರುತ್ತದೆ, ಚುಚ್ಚಿದಲ್ಲಿ ನೀಲಿಯಾಗುತ್ತದೆ. ಅಪರೂಪಕ್ಕೆ ರೆಪ್ಪೆ ಕೆಲವು ವಾರ ಇಳಿದುಕೊಳ್ಳುವುದೂ ಉಂಟು." ಆಮೇಲೆ ಕೇಳಿದರು, "ಇದು ಯಾರ ಆಸೆ ಜಲಜಮ್ಮ? ನಿಮ್ಮದಾ, ಬೇರೆಯವರದಾ?"

ಜಲಜ ಸೆರಗನ್ನು ಮತ್ತೆ ಹಣೆಯ ಮೇಲೆ ಎಳೆದುಕೊಂಡಳು. ಡಾಕ್ಟರು ಒತ್ತಾಯ ಮಾಡಲಿಲ್ಲ. "ಅವಸರ ಇಲ್ಲ. ಮನೆಗೆ ಹೋಗಿ ಯೋಚನೆ ಮಾಡಿ. ಬೇಕು ಅಂತ ಕಂಡರೆ ಮುಂದಿನ ವಾರ ಬನ್ನಿ. ಬೇಡ ಅಂತ ಕಂಡರೆ ಬರಬೇಡಿ, ನಾನೇನೂ ಅಂದುಕೊಳ್ಳುವುದಿಲ್ಲ" ಎಂದು ಕಳಿಸಿದರು.

ಆ ವಾರ ಪೂರ್ತಿ ಜಲಜ ಆ ಪ್ರಶ್ನೆಯನ್ನು ಹೊತ್ತು ತಿರುಗಿದಳು. ಅಕ್ಕನ ಆಸೆಯೇ? ಹೌದು, ಅದು ಅಕ್ಕನದೇ. ಆದರೆ ಗಿರಾಕಿಗೆ ಚಿಲ್ಲರೆ ಎಣಿಸುತ್ತಿದ್ದಾಗ ಒಮ್ಮೆಲೇ ಅವಳ ಕಣ್ಣ ಮುಂದೆ ಗೋಪಿಯ ಸೀರೆಯ ಹಿಂದಿನಿಂದ ಇಣುಕುವ ಮಗು ಬಂದು ನಿಂತಿತು. ಅಷ್ಟು ವರ್ಷ ಬಚ್ಚಲಿನ ಕನ್ನಡಿಯ ಮುಂದೆ ಹಣೆ ಎಳೆದವಳು ಯಾರು? ಯಾರೂ ಹೇಳದೆ ಎಣ್ಣೆ ತಿಕ್ಕಿದವಳು ಯಾರು? ಒಂದೇ ಒಂದು ಸಲ ಆ ಹುಡುಗಿ ತನ್ನ ಮುಖವನ್ನು ಅಳುಕಿಲ್ಲದೆ ನೋಡಬೇಕು ಎಂಬ ಆಸೆ ಗೋಪಿಯದಲ್ಲ.

ಎರಡನೆಯ ಸಲ ನಾಗನೂ ಜೊತೆಗೆ ಬಂದ, ಒಗೆದ ಅಂಗಿ ಹಾಕಿಕೊಂಡು ಬಾಗಿಲ ಹೊರಗೆ ಕೂತ. "ನಂದೇ ಆಸಿ ಡಾಕ್ಟ್ರೆ" ಎಂದಳು ಜಲಜ. ಡಾಕ್ಟರು ಅವಳ ಮುಖ ನೋಡಿ, ತಲೆಯಾಡಿಸಿ, ಫ್ರಿಜ್ಜಿನಿಂದ ಸಣ್ಣ ಸೀಸೆ ತಂದು ಅವಳಿಗೆ ತೋರಿಸಿದರು. ಸೀಲು ಒಡೆದಿರಲಿಲ್ಲ. ಹೆಸರು, ತಾರೀಕು ಓದಿ ಹೇಳಿದರು. ಅವಳ ಎದುರಿಗೇ ಮುಚ್ಚಳ ತೆಗೆದು ಔಷಧಿ ಬೆರೆಸಿ, ಹೊಸ ಸೂಜಿ ಬಿಡಿಸಿದರು. ಗೆರೆಯ ಆಚೆ ಈಚೆ, ಹುಬ್ಬಿನ ಮೇಲೆ, ಸಣ್ಣ ಸಣ್ಣ ಚುಚ್ಚು. ಮೀನಿನ ಮುಳ್ಳು ಚುಚ್ಚಿಸಿಕೊಂಡು ಬೆಳೆದ ಕೈಯವಳಿಗೆ ಅದು ನೋವೇ ಅಲ್ಲ. ಆದರೂ ಕಣ್ಣಿನಲ್ಲಿ ನೀರು ಬಂತು.

"ನಾಲ್ಕು ಗಂಟೆ ಮಲಗಬಾರದು, ಬಗ್ಗಿ ಕೆಲಸ ಮಾಡಬಾರದು. ಇವತ್ತು ಹಣೆ ತಿಕ್ಕುವ ಹಾಗಿಲ್ಲ, ಒಲೆಯ ಝಳ, ಬಿಸಿಲು ಬೇಡ. ನಾಳೆಯೂ ತಲೆ ಮೇಲೆ ಬುಟ್ಟಿ ಹೊರಬೇಡಿ" ಎಂದರು ಡಾಕ್ಟರು. "ರೆಪ್ಪೆ ಇಳಿದರೆ ಫೋನು ಮಾಡಿ. ನುಂಗಲಿಕ್ಕೆ, ಉಸಿರಾಡಲಿಕ್ಕೆ ಕಷ್ಟ ಆದರೆ ನನ್ನನ್ನು ಕಾಯಬೇಡಿ, ನೇರ ದೊಡ್ಡ ಆಸ್ಪತ್ರೆಗೆ ಹೋಗಿ. ಎರಡು ವಾರ ಬಿಟ್ಟು ತೋರಿಸಲಿಕ್ಕೆ ಬನ್ನಿ."

ಮರುದಿನ ನಾಗನೇ ಬುಟ್ಟಿಯನ್ನು ಸ್ಕೂಟರಿನಲ್ಲಿ ಇಟ್ಟು ಮಾರ್ಕೆಟ್ಟಿಗೆ ತಲುಪಿಸಿದ. ಮೊದಮೊದಲು ಏನೂ ಆಗಲಿಲ್ಲ, ಸ್ವಲ್ಪ ತಲೆನೋವು ಅಷ್ಟೇ. ಆಮೇಲೆ ನಿಧಾನವಾಗಿ ಹಣೆಯ ನಡುವೆ ಏನೋ ಸಡಿಲಾಯಿತು. ಸಿಟ್ಟು ತಂದುಕೊಂಡು ನೋಡಿದಳು, ಹುಬ್ಬು ಕೂಡಿಕೊಳ್ಳಲಿಲ್ಲ. ಗೆರೆಯ ಜಾಗದಲ್ಲಿ ತೆಳುವಾದ ಎರಡು ಗೀಟು ಮಾತ್ರ ಉಳಿದವು. ಹೊಸ ಗಿರಾಕಿಗಳು ಈಗ ಧಾರಾಳವಾಗಿ ಚೌಕಾಸಿ ಮಾಡತೊಡಗಿದರು. ಪಕ್ಕದಲ್ಲಿ ಕೂರುವ ಹೆಂಗಸು, "ಹ್ವಾಯ್ ಜಲಜಕ್ಕ, ಎಂತ ಮಾಡ್ಕಂಡ್ರಿ? ಹತ್ತ್ ವರ್ಷ ಕಮ್ಮಿ ಕಾಂತ್ರಿ" ಎಂದಳು. ತೋರಿಸಲು ಹೋದಾಗ ಡಾಕ್ಟರು ಎಲ್ಲವೂ ಸರಿಯಾಗಿದೆ ಎಂದರು. ಗೋಪಿ ಬಂದು ನೋಡಿ ತಂಗಿಯ ಕೆನ್ನೆಯ ಮೇಲೆ ಕೈಯಿಟ್ಟಳು.

ಮದುವೆಗೆ ಕೆಲವು ದಿನ ಇರುವಾಗ ಸೌಜನ್ಯ ರೈಲಿನಲ್ಲಿ ಬಂದಳು. ಮೆಹಂದಿಯ ದಿನ ಮಧ್ಯಾಹ್ನ ಜಲಜ ಶಿರೂರಿಗೆ ಹೋದಳು. ಹೊಸ ಸೀರೆ ಉಟ್ಟಿದ್ದಳು. ಚಪ್ಪರದ ಕೆಳಗೆ ಜನವೋ ಜನ. ಸೌಜನ್ಯ ಒಳಕೋಣೆಯಲ್ಲಿ ಎರಡೂ ಅಂಗೈಗೆ ಮೆಹಂದಿ ಹಚ್ಚಿಸಿಕೊಂಡು ಒಣಗಲು ಕೂತಿದ್ದಳು. ಬಾಗಿಲಲ್ಲಿ ನಿಂತ ಜಲಜಳನ್ನು ನೋಡಿ ನಕ್ಕಳು. ಆಮೇಲೆ ಅವಳ ನಗು ನಿಂತಿತು.

"ಚಿಕ್ಕಿ, ಅದೆಲ್ಲಿಗ್ ಹೋಯ್ತ್?"

"ಯಾವ್ದ್ ಮಗಾ?"

"ಇಲ್ಲಿದ್ ಗೆರಿ." ಕೈಗೆ ಮೆಹಂದಿ ಇದ್ದದ್ದರಿಂದ ಮಣಿಕಟ್ಟಿನಿಂದ ತನ್ನ ಹಣೆ ತೋರಿಸಿದಳು. ಅವಳ ಹುಬ್ಬುಗಳ ನಡುವೆ ಎರಡು ಎಳೆಯ ಗೆರೆಗಳು ಎದ್ದು ನಿಂತವು.

ಜಲಜ ಸಂತೋಷದಿಂದಲೇ ಹೇಳಹೊರಟಳು. ಡಾಕ್ಟರು, ಸೂಜಿ, ಮದುವೆಗೆ ಚಂದ ಕಾಣಲಿ ಎಂದು. ಅಕ್ಕನ ಮಾತನ್ನು ಹೇಳಲಿಲ್ಲ. ಹೇಳುತ್ತ ಹೇಳುತ್ತ ಹುಡುಗಿಯ ಮುಖ ಬಾಡಿದ್ದು ಕಂಡು ಮಾತು ನಿಲ್ಲಿಸಿದಳು.

"ನಂಗ್ ಅರ್ಥ ಆತ್ತ್, ನೀವ್ ಚಂದ ಆಯ್ಕ್ ಅಂದೇಳಿ ಮಾಡ್ಸಿದ್ರಿ" ಎಂದಳು ಸೌಜನ್ಯ. "ಆರೆ ಚಿಕ್ಕಿ... ಅಮ್ಮ ಹೇಳ್ದ್ ದಿನ ನಾ ಕನ್ನಡಿ ಎದ್ರ್ ನಿಂತ್ಕಂಡಿದ್ದೆ. ನನ್ ಕಣ್ಣ್, ಮೂಗ್ ಯಾರದ್ದೋ ಗೊತ್ತಾಯ್ಲಿಲ್ಲೆ. ಇದೊಂದ್ ಗೊತ್ತಾಯ್ತ್. ನಂಗ್ ಸಣ್ಣಕಿದ್ದಾಗ ಹೆದ್ರಿಕಿ ಆತಿದ್ದದ್ದ್ ಇದ್ ಕಂಡೇ. ಆಮೇಲ್ ಊರಿಗ್ ಬಂದಾಗ್ಳಿಕೆಲ್ಲ ನಾ ಮೊದ್ಲ್ ಕಾಂಬುದೂ ಇದನ್ನೇ."

ಜಲಜ ತನ್ನ ಹಣೆಯನ್ನು ಮುಟ್ಟಿಕೊಂಡಳು. ತಾನು ಮುಖ ತಿರುಗಿಸಿಕೊಂಡು, ಸೆರಗು ಎಳೆದುಕೊಂಡು ಕಳೆದ ಅಷ್ಟೂ ವರ್ಷ ಈ ಹುಡುಗಿ ತನ್ನನ್ನು ನೋಡುತ್ತಿದ್ದಳು. ಒಂದೇ ಮನೆಯ ಅಂಗಳದಲ್ಲಿ, ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ.

"ಮತ್ತ್ ಬತ್ತಾ ಅದ್?" ಎಂದಳು ಸೌಜನ್ಯ.

"ಬತ್ತ್ ಅಂಬ್ರ್. ಮೂರ್ ನಾಕ್ ತಿಂಗ್ಳಲ್ಲಿ."

"ಹಂಗಾರೆ ಅಡ್ಡಿಲ್ಲೆ" ಎಂದು ಹುಡುಗಿ ಉಸಿರು ಬಿಟ್ಟಳು. ಮುಖದ ಮೇಲೆ ಬಿದ್ದ ಕೂದಲನ್ನು ಸರಿಸಲು ಕೈ ಬರುತ್ತಿರಲಿಲ್ಲ. ಜಲಜ ಹತ್ತಿರ ಹೋಗಿ ಅದನ್ನು ಕಿವಿಯ ಹಿಂದೆ ಸಿಕ್ಕಿಸಿದಳು. ಆಮೇಲೆ ಕೈಯನ್ನು ತೆಗೆಯಬೇಕೆನಿಸಲಿಲ್ಲ. ಸೌಜನ್ಯಳೂ ತಲೆ ಸರಿಸಲಿಲ್ಲ.

ಮರುದಿನ ಕುಂದಾಪುರದ ಕಲ್ಯಾಣಮಂಟಪದಲ್ಲಿ ಧಾರೆಯಾಯಿತು. ಗೋಪಿ ಮತ್ತು ಪಾಂಡು ಕಲಶ ಹಿಡಿದು ನಿಂತರು. ಜಲಜ ಅಕ್ಕನ ಬೆನ್ನಿಗೆ ತಾಗಿಕೊಂಡಂತೆ ನಿಂತಳು. ನೀರು ಬೀಳುವಾಗ ಗೋಪಿಗೆ ಕಲಶ ಭಾರವಾಯಿತು. ಅವಳು ತಿರುಗಿ ನೋಡಲಿಲ್ಲ, ಮೊಣಕೈಯನ್ನು ಮಾತ್ರ ಹಿಂದಕ್ಕೆ ತಂದಳು. ಜಲಜ ಅದರ ಕೆಳಗೆ ಕೈಯಿಟ್ಟು ಹಿಡಿದಳು. ಅಳು ಉಕ್ಕಿ ಬಂತು, ಕೆನ್ನೆ ತೊಯ್ದಿತು, ಹಣೆ ಮಾತ್ರ ಏನೂ ಆಗದವಳ ಹಣೆಯ ಹಾಗೆ ಸಪಾಟಾಗಿಯೇ ಇತ್ತು. ಗಂಡಿನ ಕಡೆಯವರು ಯಾರೂ ಅವಳನ್ನು ದಿಟ್ಟಿಸಲಿಲ್ಲ. ಅಕ್ಕನಿಗೆ ಬೇಕಾದದ್ದು ಆಯಿತು. ತನಗೆ ಬೇಕಾದದ್ದೂ ಆಯಿತೆಂದು ಜಲಜ ಅಂದುಕೊಂಡಳು, ಆದರೂ ಫೋಟೊದವನು ಕ್ಯಾಮೆರಾ ಎತ್ತಿದಾಗ, ಆ ಎರಡು ಗೆರೆ ಈಗ ಇರಬೇಕಿತ್ತು ಅನಿಸಿತು.

ಸೌಜನ್ಯ ಗಂಡನೊಂದಿಗೆ ಮುಂಬಯಿಗೆ ಹೋದಳು. ಮಳೆ ಹಿಡಿಯಿತು, ದೋಣಿಗಳು ದಡಕ್ಕೇರಿದವು. ಜಲಜ ದಿನವೂ ಮುಖ ತೊಳೆಯುವಾಗ ಹುಬ್ಬು ಕೂಡಿಸಿ ನೋಡಿದಳು. ಶ್ರಾವಣದ ಹೊತ್ತಿಗೆ ಒಂದು ಬೆಳಿಗ್ಗೆ ಅಲ್ಲಿ ಸಣ್ಣ ಎಳೆತ ಸಿಕ್ಕಿತು. ಕ್ಲಿನಿಕ್ಕಿನಿಂದ, ಮತ್ತೆ ಬೇಕಿದ್ದರೆ ಬರಬಹುದು ಎಂದು ಫೋನು ಬಂದಾಗ, "ಈಗ್ಳಿಕೆ ಬ್ಯಾಡ, ನಾ ಕೇಳ್ದೆ ಅಂದೇಳಿ ಡಾಕ್ಟ್ರಿಗ್ ಹೇಳಿ" ಎಂದಳು.

ಒಂದು ಸಂಜೆ ಸೌಜನ್ಯ ವಿಡಿಯೊ ಕಾಲ್ ಮಾಡಿದಳು. ಫೋನನ್ನು ಹತ್ತಿರ ಹಿಡಿಯಲು ಹೇಳಿ, ಕಣ್ಣು ಕಿರಿದು ಮಾಡಿ ನೋಡಿ, ನಕ್ಕಳು. ಗೆರೆ ಬಂತು ಎಂದಳೋ ಬರಲಿಲ್ಲ ಎಂದಳೋ ಗೊತ್ತಾಗಲಿಲ್ಲ, ಅಲ್ಲಿ ಕುಕ್ಕರು ಕೂಗುತ್ತಿತ್ತು. ಆಮೇಲೆ ಸಿಗಡಿಯ ಚಟ್ಲಿ ಸಾರು ಮಾಡುವುದು ಹೇಗೆಂದು ಕೇಳಿದಳು. ಅಮ್ಮ ಮಾಡಿದ್ದು ಒಂದು ಥರ, ನೀವು ಮಾಡಿದ್ದು ಇನ್ನೊಂದು ಥರ, ತನಗೆ ನಿಮ್ಮದು ಬೇಕು ಎಂದಳು. ಜಲಜ ಮೆಣಸು ಹುರಿಯುವುದರಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು, ಹುಳಿ ಯಾವಾಗ ಹಾಕಬೇಕು ಎನ್ನುವುದನ್ನು ಎರಡು ಸಲ ಹೇಳಿದಳು.

"ನಾಳಿಗ್ ಮಾಡ್ತೆ ಚಿಕ್ಕಿ" ಎಂದು ಸೌಜನ್ಯ ಫೋನಿಟ್ಟಳು.

ಮರುದಿನ ಮಾರ್ಕೆಟ್ಟಿನಲ್ಲಿ ಜಲಜ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಳು. ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಭಾನುವಾರ ಬೆಳಿಗ್ಗೆ ಸೌಜನ್ಯಳ ಫೋನು ಬಂತು. ಸಾರಿಗೆ ಉಪ್ಪು ಸ್ವಲ್ಪ ಜಾಸ್ತಿಯಾಯಿತು, ಸುಶಾಂತ್ ಮಾತ್ರ ಎರಡು ಸಲ ಹಾಕಿಸಿಕೊಂಡು ಉಂಡ ಎಂದು ಹೇಳಿದಳು.